ಚಂದ್ರಾಬಾಯಿ ಸ್ಮರಣಾರ್ಥ

ಎಲ್ಲದಕ್ಕೂ ಮೂಲ ಒಂದು ಚೀಟಿ. ಅಂಗೈಯಗಲದ ಹಳದಿ ಚೀಟಿ. 'ಕೈಲಾಸವಾಸಿ ಚಂದ್ರಾಬಾಯಿ ಸ್ಮರಣಾರ್ಥ' ಎಂದು ಅಚ್ಚಾಗಿದ್ದ ಅದು ಬೇವಿನಕಟ್ಟಿ ವಸ್ತಿಯ ಕನ್ನಡ ಸಾಲೆಯ ಒಂದೇ ಒಂದು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಹದಿನೆಂಟು ಮಕ್ಕಳು ಆರು ತಿಂಗಳು ಸವರಿದ್ದರಿಂದ ಮೊದಲು ಚಂದ್ರಾಬಾಯಿ ಹೋದಳು, ಆಮೇಲೆ ಸ್ಮರಣಾರ್ಥ ಹೋಯಿತು. ಬರೇ 'ಕೈಲಾಸವಾಸಿ' ಉಳಿದದ್ದು ಕಂಡು ಮುಖ್ಯಾಧ್ಯಾಪಕ ಅಣ್ಣಾರಾಯರ ಎದೆ ಧಸಕ್ ಎಂದಿತು.

ಮರಾಠಿ ನಾಡಿನ ಗಡಿಯಂಚಿಗೆ, ಸೋನ್ಯಾಳ ದಾಟಿ ಎರಡು ಮೈಲಿ ಒಳಗೆ ಹೋದರೆ ಸಿಗುವ ಈ ಪುಟ್ಟ ವಸ್ತಿಯಲ್ಲಿ ದಾನ ಕೊಡುವವರಿಗೇನೂ ಕೊರತೆಯಿಲ್ಲ. ಆದರೆ ಹೆಸರು ಹಾಕಿಸದೆ ಯಾರೂ ಒಂದು ಲೋಟವನ್ನೂ ಕೊಡುವುದಿಲ್ಲ. ಸಾಲೆಯ ನೀರಿನ ಹಂಡೆಯ ಹೊಟ್ಟೆಯ ಮೇಲೆ ಯಾರದೋ ಅಜ್ಜನ ಹೆಸರು ಚುಕ್ಕೆ ಚುಕ್ಕೆಯಾಗಿ ಕೊರೆದಿದೆ. ಗೋಡೆ ಗಡಿಯಾರದಲ್ಲಿ ದಾನಿಯ ಹೆಸರು ಎಷ್ಟು ದಪ್ಪಗಿದೆಯೆಂದರೆ ನಾಲ್ಕರಿಂದ ಎಂಟರವರೆಗಿನ ಅಂಕಿಗಳು ಕಾಣುವುದೇ ಇಲ್ಲ; ಸಾಲೆ ಬಿಡುವ ಹೊತ್ತನ್ನು ಅಂದಾಜಿನ ಮೇಲೆ ತಿಳಿದುಕೊಳ್ಳಬೇಕು. ಗೋಡೆಯಾಚೆಯ ಮರಾಠಿ ಸಾಲೆಯ ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಮೂರು ತುಂಡಾಗಿ ಒಂದು ಹೆಸರಿದೆ. ಫ್ಯಾನು ತಿರುಗಿದರೆ ಓದಲಾಗುವುದಿಲ್ಲ, ನಿಂತರೆ ಓದಬಹುದು. ಕರೆಂಟಿನ ಕೃಪೆಯಿಂದ ಅದು ನಿಂತೇ ಇರುತ್ತದೆ, ದಾನಿಗೆ ನಷ್ಟವಿಲ್ಲ.

ಲ್ಯಾಪ್‌ಟಾಪು ಕೊಟ್ಟವರು ಶಿವಯೋಗೆಪ್ಪ ಸಾಹೇಬರು. ಇದೇ ವಸ್ತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಮೂವತ್ತೊಂದು ವರ್ಷ ಗೋದಾಮುಗಳ ಮಾಲು ತಪಾಸಣೆ ಮಾಡಿ ನಿವೃತ್ತರಾದವರು. ತಾಯಿ ಚಂದ್ರಾಬಾಯಿ ತೀರಿಕೊಂಡ ಮೇಲೆ ಒಂದೇ ಅಂಗಡಿಯಲ್ಲಿ, ಒಂದೇ ಜಾತಿಯ ಎರಡು ಲ್ಯಾಪ್‌ಟಾಪು ಕೊಂಡು, ಕನ್ನಡ ಸಾಲೆಗೊಂದು, ಮರಾಠಿ ಸಾಲೆಗೊಂದು ಕೊಟ್ಟಿದ್ದರು. ಈಗ ಅವು ಹೇಗಿವೆ ಎಂದು ನೋಡಲು ಬರುವವರಿದ್ದರು. ಮನಸ್ಸಿಗೆ ಬಂದರೆ ಇನ್ನೂ ಹತ್ತು ಕೊಡುತ್ತೇನೆ ಎಂದಿದ್ದರು.

ಆ ಹತ್ತರ ಮೇಲೆ ಕನ್ನಡ ಸಾಲೆಯ ಈಶ್ವರ ಮಾಸ್ತರನ ಬದುಕು ನಿಂತಿತ್ತು. ಎಂಟು ವರ್ಷ ಜಿಲ್ಲೆಯ ಪಶ್ಚಿಮದ ತುದಿಯಲ್ಲಿ, ಹೆಂಡತಿ ಉಮಾಶ್ರೀ ಒಂದು ಕಡೆ ತಾನೊಂದು ಕಡೆಯಾಗಿ ಒಬ್ಬನೇ ಅನ್ನ ಬೇಯಿಸಿಕೊಂಡು ತಿಂದು, ಕಂಡ ಕಂಡ ಸಾಹೇಬರಿಗೆ ಅರ್ಜಿ ಹಾಕಿ ಹೋದ ಜೂನಿನಲ್ಲಷ್ಟೇ ಈ ಊರಿಗೆ ಬಂದಿದ್ದ. ಬಂದ ವಾರಕ್ಕೇ ಸುದ್ದಿ ಹುಟ್ಟಿತು: ಬರುವ ವರ್ಷ ಇಂಗ್ಲಿಷ್ ಸಾಲೆಯ ಹಳದಿ ಗಾಡಿ ವಸ್ತಿಯವರೆಗೂ ಬರುತ್ತದಂತೆ. ಸಾಲೆ ಸಮಿತಿಯ ಅಧ್ಯಕ್ಷ ಸೋಮನಿಂಗಪ್ಪ ಮುಖದ ಮೇಲೇ ಹೇಳಿದ್ದ: "ಕಂಪ್ಯೂಟರ್ ಬಂದ್ವು ಅಂದ್ರ ಹುಡುಗ್ರು ಇಲ್ಲೇ. ಇಲ್ಲಾಂದ್ರ ಎಲ್ಲಾ ಗಾಡ್ಯಾಗ. ಮೊದಲ ನನ್ನ ಮೊಮ್ಮಗ." ಮಕ್ಕಳು ಹೋದರೆ ಮಾಸ್ತರನ ಹುದ್ದೆಯೂ ಹೋಗುತ್ತದೆ, ಮತ್ತೆ ಪಶ್ಚಿಮದ ತುದಿ, ಮತ್ತೆ ಒಬ್ಬನ ಅನ್ನ.

ಹೀಗಿರುವಾಗ ಚೀಟಿ ಅಳಿಸಿತ್ತು.

"ಪೇಂಟರ್ ನಾಗನಾಥಗ ಹೇಳ್ತೀನ್ರಿ," ಎಂದಿದ್ದರು ಅಣ್ಣಾರಾಯರು, ಸಾಹೇಬರು ಬರುವ ಹಿಂದಿನ ದಿನ. "ಎಣ್ಣಿಬಣ್ಣದಾಗ ಮುಚ್ಚಳದ ಮ್ಯಾಲ ದಪ್ಪಗ ಬರೀತಾನ. ಹತ್ತು ವರ್ಷ ಹೋಗಂಗಿಲ್ಲ."

"ಲ್ಯಾಪ್‌ಟಾಪಿಗೆ ಎಣ್ಣಿಬಣ್ಣಾ?" ಈಶ್ವರನಿಗೆ ನಾಚಿಕೆಯಾಯಿತು. "ಬ್ಯಾಡ್ರಿ ಸರ್. ನಾ ಒಳಗ ಹಾಕ್ತೀನಿ. ಚಾಲೂ ಮಾಡಿದ ಕೂಡ್ಲೆ ಕಂಪನಿ ಗುರುತು ಬರ್ತದಲ್ರೀ, ಆ ಜಾಗಾದಾಗ ಚಂದ್ರಾಬಾಯಿಯವರ ಫೋಟೊ, ಅದರ ಕೆಳಗ ಹೆಸರು. ಯಾವ ಹುಡುಗ ಎಷ್ಟು ಸವರಿದ್ರೂ ಅಳಸಂಗಿಲ್ಲ. ನಾ ವಿಡಿಯೊ ನೋಡೀನಿ."

ವಿಡಿಯೊ ನೋಡಿದ್ದ, ಸುಳ್ಳಲ್ಲ. ಆದರೆ ಆ ಕಂಪನಿ ಗುರುತು ಇರುವುದು ಬಯೋಸ್ ಎಂಬ ಚಿಕ್ಕ ಚಿಪ್ಪಿನೊಳಗೆ. ಮಲಗಿದ ಲ್ಯಾಪ್‌ಟಾಪನ್ನು ಎಬ್ಬಿಸಿ, ನಿನಗೆ ಪರದೆಯಿದೆ, ಕೀಲಿಗಳಿವೆ, ಏಳು ಎಂದು ಮೊಟ್ಟಮೊದಲು ಹೇಳಿಕೊಡುವುದು ಅದೇ. ಅದರೊಳಗೆ ಕೈಯಾಡಿಸುವುದೆಂದರೆ ಮಲಗಿದವನ ತಲೆಯೊಳಗೆ ಕೈಹಾಕಿದ ಹಾಗೆ. ಇದನ್ನೂ ಅದೇ ವಿಡಿಯೊದಲ್ಲಿ ಹೇಳಿದ್ದರು. ಅಷ್ಟು ಹೊತ್ತಿಗೆ ಈಶ್ವರ ವಿಡಿಯೊ ನಿಲ್ಲಿಸಿದ್ದ.

ಮರುದಿನ ಬೆಳಿಗ್ಗೆ ಏಳಕ್ಕೆ, ಸಾಲೆಯಲ್ಲಿ ಯಾರೂ ಇಲ್ಲದಾಗ, ಕೈಮುಗಿದು ಶುರುಮಾಡಿದ. ಮೊದಲು ಹಳೆಯ ಬಯೋಸನ್ನು ಒಂದು ಕಡತವಾಗಿ ಕಾಪಿಟ್ಟ, ಬುದ್ಧಿವಂತ. ಆಮೇಲೆ ಚಂದ್ರಾಬಾಯಿಯ ಫೋಟೊ ಸೇರಿಸಿ ಹೊಸದನ್ನು ಬರೆಯಲು ಹಚ್ಚಿದ. ನೀಲಿ ಪಟ್ಟಿ ಮೆಲ್ಲಗೆ ಮುಂದೆ ಹೋಯಿತು, ನೂರಕ್ಕೆ ಮುಟ್ಟಿತು, ಲ್ಯಾಪ್‌ಟಾಪು ತಾನಾಗಿ ಆರಿತು. ಮತ್ತೆ ಹೊತ್ತಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಒಮ್ಮೆ ಉಸಿರೆಳೆದು ಸುಮ್ಮನಾಗುತ್ತಿತ್ತು. ಪರದೆ ಮಾತ್ರ ಕಪ್ಪು, ರೊಟ್ಟಿ ಹಂಚಿನ ತಳದಂಥ ಕಪ್ಪು.

ಕಾಪಿಟ್ಟ ಕಡತ ನೆನಪಾಗಿ ಈಶ್ವರನಿಗೆ ಹೋದ ಜೀವ ಬಂದಂತಾಯಿತು. ಅದನ್ನು ಎಲ್ಲಿ ಇಟ್ಟಿದ್ದೆ ಎಂಬುದು ನೆನಪಾದಾಗ ಬಂದ ಜೀವ ಮತ್ತೆ ಹೋಯಿತು. ಅದೇ ಲ್ಯಾಪ್‌ಟಾಪಿನೊಳಗೇ ಇಟ್ಟಿದ್ದ.

ಎಂಟೂವರೆಗೆ ಅಣ್ಣಾರಾಯರು ಬಂದು ನೋಡಿದರು. "ಎಲ್ಲಿ ಚಂದ್ರಾಬಾಯಿ?"

"ಬರವಲ್ಲಳ್ರಿ."

"ಬರವಲ್ಲಳು ಅಂದ್ರ?"

"ಯಾರೂ ಬರವಲ್ರು ಸರ್. ಕಂಪನಿನೂ ಬರವಲ್ದು."

ಅಣ್ಣಾರಾಯರು ಕುರ್ಚಿಯಲ್ಲಿ ಕುಕ್ಕರಿಸಿದರು. ಅವರಿಗೆ ನಿವೃತ್ತಿಗೆ ಏಳು ತಿಂಗಳಿತ್ತು. ಏಳೇ ತಿಂಗಳು ಯಾವ ರಗಳೆಯೂ ಇಲ್ಲದೆ ಕಳೆದರೆ ಸಾಕೆಂದು ದಿನಾ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದರು. "ನಾ ಎಣ್ಣಿಬಣ್ಣ ಅಂದಿದ್ದೆ," ಎಂದರು, ಅಷ್ಟೇ. ಆ ದಿನ ಅವರು ಆ ಮಾತನ್ನು ಹದಿನಾಲ್ಕು ಸಲ ಹೇಳಿದರು.

ಅಷ್ಟರಲ್ಲಿ ಸೋಮನಿಂಗಪ್ಪ ಹಾಜರಾದ. ಸಾಲೆಯಲ್ಲಿ ಏನು ಕೆಟ್ಟರೂ ಅವನಿಗೆ ಮೊದಲು ಗೊತ್ತಾಗುತ್ತಿತ್ತು. "ಸತ್ತದೇನು? ನೀರು ಬಿದ್ದಿರ್ತದ. ನನ್ನ ಮಗನ ಫೋನ್ ಬಾಂವ್ಯಾಗ ಬಿದ್ದಾಗ ಅಕ್ಕ್ಯಾಗ ಹುಗದಿಟ್ಟಿದ್ವಿ, ಮರುದಿನ ಹಾಡಾಕತ್ತಿತ್ತು."

"ನೀರಲ್ರಿ, ಬಯೋಸ್ ಕೆಟ್ಟದ," ಎಂದ ಈಶ್ವರ.

"ಬ್ಯಾನಿ ಯಾವುದರ ಇರ್ಲಿ, ಔಷಧ ಅದ. ಅಕ್ಕಿ ಯಾಕ ಹಾಳ ಮಾಡ್ತೀರಿ, ಜ್ವಾಳದಾಗ ಹುಗೀರಿ."

ಅಣ್ಣಾರಾಯರಿಗೆ ಇದು ಸರಿ ಕಂಡಿತು. ಅವರು ಹೇಳಿದ ಮೇಲೆ ಮುಗಿಯಿತು. ಊಟದ ಕೋಣೆಯ ಜೋಳದ ಚೀಲದಲ್ಲಿ ಲ್ಯಾಪ್‌ಟಾಪನ್ನು ಹುಗಿದು ಅರ್ಧ ತಾಸು ಮೂವರೂ ಮುಂದೆ ಕುಳಿತರು. ಅಡುಗೆಯ ಇಂದ್ರಾಬಾಯಿ ಒಳಗೆ ಬಂದು, ಚೀಲದ ಮುಂದೆ ಮೂವರು ಗಂಡಸರು ಹೆಣದ ಮುಂದೆ ಕುಳಿತ ಹಾಗೆ ಕುಳಿತದ್ದು ನೋಡಿ ಬೆಚ್ಚಿದಳು. "ಯವ್ವಾ, ಯಾರು ಹೋದ್ರಿ?" ಎಂದಳು.

ಒಂಬತ್ತೂವರೆಗೆ ಮರಾಠಿ ಸಾಲೆಯ ಪ್ರಣಾಲಿ ಬಾಯಿಯವರು ಜತ್ತದಿಂದ ಬಸ್ಸಿನಲ್ಲಿ ಬಂದಿಳಿದರು. ಆ ಸಾಲೆಗೆ ಮುಖ್ಯಾಧ್ಯಾಪಕಿಯೂ ಅವರೇ, ಶಿಕ್ಷಕಿಯೂ ಅವರೇ, ಗಂಟೆ ಬಾರಿಸುವವರೂ ಅವರೇ. ಸಾಲೆಯ ಕಪಾಟಿಗೆ ಬೀಗವಿರಲಿಲ್ಲವಾದ್ದರಿಂದ ಅವರು ತಮ್ಮ ಲ್ಯಾಪ್‌ಟಾಪನ್ನು ದಿನಾ ಬ್ಯಾಗಿನಲ್ಲಿ ಮನೆಗೆ ಒಯ್ದು ದಿನಾ ತರುತ್ತಿದ್ದರು. ಈಶ್ವರ ಎರಡೂ ಸಾಲೆಗಳ ನಡುವಿನ ಗಿಡ್ಡ ಗೋಡೆಯ ಬಳಿ ನಿಂತು ತನ್ನ ಗೋಳು ತೋಡಿಕೊಂಡ. ಗೋಡೆಯ ಬುಡದಲ್ಲೇ ಕುಳಿತು ಇಂದ್ರಾಬಾಯಿ ಬೇಳೆ ಆರಿಸುತ್ತ ಕಿವಿ ಇತ್ತಲೇ ಇಟ್ಟಿದ್ದಳು.

"ಇಷ್ಟ ಹೌದಲ್ರಿ ಗುರೂಜಿ?" ಪ್ರಣಾಲಿ ನಕ್ಕುಬಿಟ್ಟರು. "ಸಾಹೇಬ್ರು ಅಡೀಚಕ್ಕ, ಅಂದ್ರ ಎರಡೂವರಿಗೆ, ನನ್ನ ಸಾಲಿಗೆ ಬರ್ತಾರ, ನಾಕಕ್ಕ ನಿಮ್ಮ ಸಾಲಿಗೆ. ನಂದು ನೋಡಿದ ಮ್ಯಾಲ ಈ ಗ್ವಾಡಿ ಮ್ಯಾಲಿಂದ ನಿಮಗ ಕೊಡ್ತೀನಿ. ಎರಡೂ ಒಂದ ನಮೂನಿ ಅವ. ತೋರಿಸಿ ವಾಪಸ್ ಕೊಡ್ರಿ. ಯಾರಿಗೆ ತಿಳೀತದ?"

ಇಷ್ಟು ಹೇಳುವಾಗ ಅನ್ನದ ಎಸರು ಉಕ್ಕಿತು, ಇಂದ್ರಾಬಾಯಿ ಅಯ್ಯಯ್ಯೋ ಎಂದು ಒಲೆಯತ್ತ ಓಡಿದಳು. ಹೀಗಾಗಿ ಈಶ್ವರ ಕೊಟ್ಟ ಉತ್ತರ ಅವಳ ಕಿವಿಗೆ ಬೀಳಲಿಲ್ಲ.

ಆ ಉತ್ತರ ಕೊಡುವಾಗ ಈಶ್ವರ ತುಸು ನೆಟ್ಟಗೆ ನಿಂತಿದ್ದ. "ಬ್ಯಾಡ್ರಿ ಬಾಯಾರ. ನಿಮ್ಮ ಮನಸ್ಸು ದೊಡ್ಡದು. ಆದ್ರ ಹುಡುಗ್ರಿಗೆ ದಿನಾ ಖರೇ ಮಾತಾಡ್ರಿ ಅಂತ ಹೇಳಿ, ಆ ಮುದುಕ ಮನಷ್ಯಾಗ ಮೋಸ ಮಾಡ್ಲಾ? ನನ್ನ ಕೈಲಿ ಆಗೂದಿಲ್ಲ. ನಿಮ್ಮ ಬಯೋಸಿನ ಒಂದು ನಕಲು ಅಷ್ಟ ಕೊಡ್ರಿ, ಜತ್ತದಾಗ ದುರುಸ್ತಿ ಮಾಡಿಸ್ಕೊಂಡು ಬರ್ತೀನಿ. ನಮ್ಮ ಲ್ಯಾಪ್‌ಟಾಪ್ ನಾವ ತೋರಸೂನು."

"ನಿಮ್ಮ ಮರ್ಜಿ," ಎಂದು ಪ್ರಣಾಲಿ ತಮ್ಮ ಲ್ಯಾಪ್‌ಟಾಪು ತೆಗೆದುಕೊಟ್ಟರು. ಈಶ್ವರ ಅದರ ಬಯೋಸನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡ. ಈ ಸಲ ಹೊರಗಿನ ಪೆನ್ ಡ್ರೈವಿಗೆ. ಬುದ್ಧಿ ಬಂದಿತ್ತು, ಪಾಪ.

ಜತ್ತ ಬಸ್ ನಿಲ್ದಾಣದ ಹಿಂದೆ ತಾನಾಜಿಯ ಮೊಬೈಲ್ ರಿಪೇರಿ ಅಂಗಡಿ. ಈಶ್ವರ ಮೋಟಾರ್ ಸೈಕಲ್ ಒಡೆಯುವ ಹಾಗೆ ಓಡಿಸಿಕೊಂಡು ಬಂದರೆ ಅಂಗಡಿಗೆ ಬಾಗಿಲು. ತಾನಾಜಿ ತಲೆಗೆ ಮೆಹಂದಿ ಹಚ್ಚಿಕೊಂಡು ಮನೆಯಲ್ಲಿ ಕುಳಿತಿದ್ದ. ಒಣಗಿದ ಮೇಲೆ ತೊಳೆದುಕೊಂಡು ಬರುತ್ತೇನೆಂದ. ಅದು ಒಣಗುವ ಹೊತ್ತಿಗೆ ಹನ್ನೆರಡೂಮುಕ್ಕಾಲು.

ಕೆಂಪು ತಲೆಯ ತಾನಾಜಿ ಲ್ಯಾಪ್‌ಟಾಪಿನ ತಳ ಬಿಚ್ಚಿ ಅಲುಗಾಡಿಸಿದ. ಮೇಜಿನ ಮೇಲೆ ಜೋಳ ಸುರಿಯಿತು.

"ಗುರೂಜಿ, ಲ್ಯಾಪ್‌ಟಾಪ್ ಬೀಸಾಕ ತಂದೀರೇನು?"

"ಕೇಳಬ್ಯಾಡ್ರಿ ತಾನಾಜಿ. ಲಗೂನ ಮಾಡ್ರಿ, ನಾಕಕ್ಕ ನನ್ನ ಬದುಕ ಹೋಗ್ತದ."

ತಾನಾಜಿ ಜೋಳದ ಕಾಳನ್ನೆಲ್ಲ ಒಂದೊಂದಾಗಿ ಚಿಮಟದಿಂದ ಹೆಕ್ಕಿದ. ಆಮೇಲೆ ಅಗಸೆ ಬೀಜದಷ್ಟಿದ್ದ ಚಿಪ್ಪಿಗೆ ಬಟ್ಟೆಯ ಕ್ಲಿಪ್ಪಿನಂಥದೊಂದನ್ನು ಸಿಕ್ಕಿಸಿ, ತಂತಿಯ ಇನ್ನೊಂದು ತುದಿಯನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ, ಪೆನ್ ಡ್ರೈವು ಹಾಕಿ ಬರೆಯಲು ಹಚ್ಚಿದ. ನೂರಕ್ಕೆ ಅರವತ್ತೆರಡಕ್ಕೆ ಬಂದಾಗ ಕರೆಂಟು ಹೋಯಿತು. ಎಲ್ಲ ಮತ್ತೆ ಮೊದಲಿನಿಂದ. ಕರೆಂಟು ಯಾವಾಗ ಬರುತ್ತದೆಂದು ಕೇಳಿದರೆ ತಾನಾಜಿ ಬುತ್ತಿ ಬಿಚ್ಚಿ ಒಂದು ಜೋಳದ ಭಾಕರಿ ಈಶ್ವರನ ಮುಂದಿಟ್ಟ. ಅದೇ ಉತ್ತರ.

ಕಾಯುವಾಗ ಅಣ್ಣಾರಾಯರ ಫೋನು ಮೇಲಿಂದ ಮೇಲೆ ಬಂತು. "ಸಾಹೇಬ್ರು ಬಂದಾರ. ಮರಾಠಿ ಸಾಲ್ಯಾಗ ಕುಂತಾರ." "ಶಾಲು ಹೊದಿಸ್ಯಾರ, ತೆಂಗಿನಕಾಯಿ ಕೊಟ್ಟಾರ." "ಈಗ ಚಹಾ ಕುಡ್ಯಾಕತ್ತಾರ. ನಾ ಎಣ್ಣಿಬಣ್ಣ ಅಂದಿದ್ದೆ, ಕೇಳಿದ್ರೇನು?" ಪ್ರತಿ ಫೋನಿಗೂ ಈಶ್ವರ ಒಂದು ತುತ್ತು ಕಷ್ಟಪಟ್ಟು ನುಂಗಿದ. ಉಮಾಶ್ರೀಗೆ ಏನು ಹೇಳುವುದು ಎಂಬ ಚಿಂತೆ ಹತ್ತಿತ್ತು. ಎಂಟು ವರ್ಷ ಅವಳು ಬಸ್ ನಿಲ್ದಾಣಕ್ಕೆ ಬಂದು ಬೀಳ್ಕೊಡುತ್ತಿದ್ದ ಪ್ರತಿ ಆದಿತ್ಯವಾರ ಕಣ್ಣಮುಂದೆ ಬಂತು. ಸುಡುಗಾಡು ಫೋಟೊ ಯಾಕೆ ಬೇಕಿತ್ತು ತನಗೆ, ಎಂದು ಒಳಗೊಳಗೇ ಬೈದುಕೊಂಡ.

ಮೂರಕ್ಕೆ ಕರೆಂಟು ಬಂತು. ಮೂರೂ ಹತ್ತಕ್ಕೆ ತಾನಾಜಿ ಗುಂಡಿ ಒತ್ತಿದ. ಫ್ಯಾನು ಉಸಿರೆಳೆಯಿತು, ಪರದೆ ಬೆಳಗಿತು, ಕಂಪನಿ ಗುರುತು ಬಂತು, ಅದರ ಹಿಂದೆ ಮಕ್ಕಳ ಹಾಜರಿ, ಪಾಠ, ಎಲ್ಲ ಇದ್ದ ಹಾಗೇ ಬಂದವು. ಚಂದ್ರಾಬಾಯಿ ಬರಲಿಲ್ಲ, ಬರುವುದೂ ಬೇಡವಾಗಿತ್ತು. ಈಶ್ವರ ತಾನಾಜಿಯ ಕೆಂಪು ತಲೆ ಹಿಡಿದು ಮುದ್ದು ಕೊಟ್ಟುಬಿಟ್ಟ.

ವಸ್ತಿ ಮುಟ್ಟುವ ಮೊದಲೇ ಮತ್ತೆ ಫೋನು. "ಮುಂದಿನ ಬಾಗಲಾ ಹಿಡದು ಬರಬ್ಯಾಡ್ರಿ," ಅಣ್ಣಾರಾಯರು ಪಿಸುಗುಟ್ಟಿದರು. "ಸಾಹೇಬ್ರು ನಮ್ಮ ಆಫೀಸಿಗೆ ಬಂದು ಕುಂತಾರ. ಸಾಲಿ ಲ್ಯಾಪ್‌ಟಾಪ್ ಊರ ತುಂಬ ಯಾಕ ತಿರಗತದ ಅಂತ ಕೇಳಿದ್ರ ಏನ ಹೇಳೂದು? ಗಾಡಿ ಅತ್ತಾಗ ನಿಲ್ಲಿಸಿ, ಮರಾಠಿ ಸಾಲಿ ಅಂಗಳದಾಗಿಂದ ಗ್ವಾಡಿ ಹಾರಿ ಹಿಂದಿಂದ ಬರ್ರಿ. ಕಪಾಟದಾಗಿಂದ ತಗದ ಹಾಂಗ ತಗೊಂಡು ಬರ್ರಿ."

ಈಶ್ವರ ಹಾಗೆಯೇ ಮಾಡಿದ. ಮರಾಠಿ ಸಾಲೆ ಬಾಗಿಲು ಹಾಕಿತ್ತು. ಪ್ರಣಾಲಿ ಮೂರೂಮುಕ್ಕಾಲರ ಬಸ್ಸು ಹಿಡಿದು ಹೋಗಿಯಾಗಿತ್ತು. ಖಾಲಿ ಅಂಗಳ ದಾಟಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು, ಗೋಡೆ ಹತ್ತಿ, ಪ್ಯಾಂಟು ಪರ್ ಎಂದದ್ದನ್ನು ಲೆಕ್ಕಿಸದೆ ಈಚೆ ಹಾರಿದ. ಆಫೀಸಿನ ಹಿಂದಿನ ಕಿಟಕಿ ತೆರೆದೇ ಇತ್ತು. ಕಿಟಕಿಯ ಒಳಗೆ ಬಿಳಿ ಟೋಪಿಯೊಂದು ಇತ್ತ ತಿರುಗಿತ್ತು. ಆಗ ಈಶ್ವರನ ಲಕ್ಷ್ಯ ಪೂರ್ತಿ ಪ್ಯಾಂಟಿನ ಮೇಲಿತ್ತು.

"ಬರ್ರಿ ಗುರೂಜಿ, ಕುಂದ್ರಿ," ಎಂದರು ಶಿವಯೋಗೆಪ್ಪ ಸಾಹೇಬರು. ತೆಳ್ಳಗಿನ ಮುದುಕ, ತಲೆಗೆ ಬಿಳಿ ಟೋಪಿ, ಕಿಸೆಯಲ್ಲಿ ಚಿಕ್ಕ ಡೈರಿ, ಕಿವಿಯ ಮೇಲೆ ಪೆನ್ಸಿಲ್ಲು. ಪಕ್ಕದಲ್ಲಿ ಸೋಮನಿಂಗಪ್ಪ ಆಗಲೇ ಹತ್ತು ಲ್ಯಾಪ್‌ಟಾಪು ಎಲ್ಲೆಲ್ಲಿ ಇಡಬೇಕೆಂದು ಕೋಣೆಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ.

ಅಣ್ಣಾರಾಯರು ಕೈಹೊಸೆಯುತ್ತ ಶುರುಮಾಡಿದರು. "ಸಾಹೇಬ್ರ, ಒಂದು ತಪ್ಪಾಗ್ಯದ. ಅವ್ವಾರ ಹೆಸರಿನ ಚೀಟಿ... ಹುಡುಗ್ರು ಮುಟ್ಟಿ ಮುಟ್ಟಿ ಅಳಸ್ಯದ."

"ಅಳಸ್ಲಿ ಬಿಡ್ರಿ," ಎಂದರು ಸಾಹೇಬರು. "ಹುಡುಗ್ರು ಮುಟ್ಟ್ಯಾರ ಅಂದ್ಹಂಗಾತು. ಅದಕ್ಕಲ್ಲೇನು ಕೊಟ್ಟಿದ್ದು? ಆ ಚೀಟಿ ಅಂಗಡ್ಯಾಂವ ತಾನ ಹಚ್ಚಿದ್ದು, ನಾ ಹೇಳಿದ್ದಿಲ್ಲ. ನಮ್ಮವ್ವಗ ತನ್ನ ಹೆಸರು ಓದಾಕ ಬರ್ತಿದ್ದಿಲ್ಲ. ಹೆಸರು ಹಾಕಿಸ್ಕೊಂಡು ಏನ ಮಾಡ್ಲಿ?"

ಈಶ್ವರನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಪಟ್ಟ ಪಾಡೆಲ್ಲ ಯಾರಿಗೂ ಬೇಡವಾದ ಹೆಸರಿಗಾಗಿ. ಆದರೂ ಇರಲಿ, ಲ್ಯಾಪ್‌ಟಾಪು ಬದುಕಿದೆ, ತಾನು ಸುಳ್ಳು ಹೇಳಿಲ್ಲ, ಸಾಹೇಬರು ಒಳ್ಳೆಯವರು. ಎದೆ ಹಗುರಾಗಿ ಗುಂಡಿ ಒತ್ತಿದ.

"ನಾ ಹೆಸರು ನೋಡಾಂವಲ್ಲ," ಎನ್ನುತ್ತ ಸಾಹೇಬರು ಮುಂದೆ ಬಾಗಿದರು. "ನಂಬರ್ ನೋಡಾಂವ. ಮೂವತ್ತೊಂದು ವರ್ಷ ಅದನ್ನ ಮಾಡೀನಿ. ಹೊರಗಿನ ಚೀಟಿ, ಒಳಗಿನ ಪಾಠ ಯಾರ ಬೇಕಾದ್ರೂ ಬದಲಿ ಮಾಡ್ತಾರ. ಒಳಗಿನ ನಂಬರ್ ಬದಲಿ ಆಗೂದಿಲ್ಲ." ಪರದೆ ಬೆಳಗುವಷ್ಟರಲ್ಲಿ ಅವರ ಒಣ ಬೆರಳು ಒಂದು ಕೀಲಿ ಒತ್ತಿತು. ಕಂಪನಿ ಗುರುತು ಹೋಗಿ ಬರೇ ಅಕ್ಷರಗಳ ಪುಟ ಬಂತು. ಯಂತ್ರದ ಹುಟ್ಟುಸಂಖ್ಯೆ ಅಲ್ಲಿತ್ತು. ಸಾಹೇಬರು ಅದನ್ನು ಓದಿದರು, ಡೈರಿ ತೆಗೆದು ಓದಿದರು, ಮತ್ತೆ ಪರದೆ ಓದಿದರು. ಡೈರಿ ಮುಚ್ಚಿದರು.

"ಗುರೂಜಿ, ಇದು ಮರಾಠಿ ಸಾಲಿ ಲ್ಯಾಪ್‌ಟಾಪ್."

ಚಿಪ್ಪಿನೊಳಗೆ ಬಯೋಸಿನ ಜೊತೆಗೇ ಆ ಯಂತ್ರದ ನಂಬರೂ ಇರುತ್ತದೆ, ಪ್ರಣಾಲಿಯ ನಕಲಿನ ಜೊತೆಗೆ ಅವರ ನಂಬರೂ ನಕಲಾಗಿ ಬಂದಿದೆ ಎಂಬುದು ಈಶ್ವರನಿಗೆ ಆ ಕ್ಷಣ ಹೊಳೆಯಿತು. ವಿಡಿಯೊದಲ್ಲಿ ಅದನ್ನೂ ಹೇಳಿದ್ದರೋ ಏನೋ.

"ಇಲ್ರಿ ಸಾಹೇಬ್ರ, ನಮ್ದ! ತಳದಾಗಿನ ಚೀಟಿ ನೋಡ್ರಿ, ನಮ್ದ ನಂಬರ್ ಅದ."

ಸಾಹೇಬರು ತಿರುಗಿಸಿ ನೋಡಿದರು. ಅವರ ಮುಖ ಇನ್ನೂ ಗಂಟಾಯಿತು. "ಹೊರಗೊಂದು, ಒಳಗೊಂದು. ಚೀಟಿನೂ ಕಿತ್ತಿ ಹಚ್ಚೀರಿ. ನಾ ಬರೇ ಅಸಡ್ಡಾಳತನ ಅನ್ಕೊಂಡಿದ್ದೆ, ಇದು ಪಕ್ಕಾ ಕೆಲಸ."

ಈಶ್ವರ ಆಗ ಎಲ್ಲವನ್ನೂ ಹೇಳಿಬಿಟ್ಟ. ಫೋಟೊ, ಬಯೋಸು, ಜೋಳದ ಚೀಲ, ತಾನಾಜಿ, ಅವನ ಮೆಹಂದಿ, ಕರೆಂಟು, ಯಾವುದನ್ನೂ ಬಿಡದೆ ಹೇಳಿದ. ಅಣ್ಣಾರಾಯರು ಹೌದ್ರಿ ಹೌದ್ರಿ ಎಂದು ದನಿಗೂಡಿಸಿದರು. ಸಾಹೇಬರು ಇಬ್ಬರನ್ನೂ ತಾಳ್ಮೆಯಿಂದ ಕೇಳಿದರು.

"ಒಂದು ಗೋದಾಮಿನಾಗ ಇಲಿ ಕಬ್ಬಿಣದ ಮೊಳಿ ತಿಂದ್ವು ಅಂತ ಹೇಳಿದ್ರು," ಎಂದರು. "ಅದಕ್ಕಿಂತ ನಿಮ್ಮ ಕತಿ ಚಲೋ ಅದ. ಆದ್ರ ಗ್ವಾಡಿ ಹಾರೂದು ಈ ಕಿಟಕಿಯೊಳಗಿಂದ ನಾನ ನೋಡೀನಿ. ಮರಾಠಿ ಸಾಲಿ ಕಡಿಂದ ಬಂದ್ರಿ. ಕಂಕಳಾಗ ಇದ ಇತ್ತು."

"ಬಾಯಾರ ಹತ್ರ ಅವರ ಲ್ಯಾಪ್‌ಟಾಪ್ ಬ್ಯಾರೆ ಅದರಿ! ಮನಿಗೆ ಒಯ್ದಾರ!" ಈಶ್ವರ ಪ್ರಣಾಲಿಗೆ ಫೋನು ಹಚ್ಚಿದ. ಬಸ್ಸು ಯಾವುದೋ ತಗ್ಗಿನಲ್ಲಿತ್ತು. ಸಂಪರ್ಕದ ಹೊರಗೆ ಎಂದು ಒಬ್ಬ ಹೆಂಗಸು ಮರಾಠಿಯಲ್ಲಿ ಹೇಳಿದಳು, ಮತ್ತೆ ಹಚ್ಚಿದರೆ ಗಡಿಯಾಚೆಯ ಟವರು ಸಿಕ್ಕು ಅದನ್ನೇ ಕನ್ನಡದಲ್ಲಿ ಹೇಳಿದಳು. ಸಾಹೇಬರು ಎದ್ದು ಹೋಗಿ ಮರಾಠಿ ಸಾಲೆಯ ಕಿಟಕಿಯಲ್ಲಿ ಇಣುಕಿ ಬಂದರು. "ಅಲ್ಲಿ ಇಲ್ಲ," ಎಂದರು. "ಹೆಂಗ ಇರ್ತದ? ಇಲ್ಲೇ ಅದಲ್ಲ."

"ಬ್ಯಾಗಿನಾಗ ಒಯ್ದಾರ್ರಿ! ಇಂದ್ರಾಬಾಯಿ ನೋಡಿರ್ತಾಳ!" ಮುಳುಗುವವನ ಹಾಗೆ ಈಶ್ವರ ಕೂಗಿದ. "ಇಂದ್ರಾಬಾಯಿ, ಬಾಯಾರು ಬ್ಯಾಗ್ ತಗೊಂಡು ಬಸ್ ಹತ್ತಿದ್ದು ನೋಡಿದಿ ಹೌದಿಲ್ಲೊ?"

ಬಾಗಿಲಲ್ಲೇ ನಿಂತಿದ್ದ ಇಂದ್ರಾಬಾಯಿ ಸೆರಗು ಸರಿಮಾಡಿಕೊಂಡಳು. ಜೀವನದಲ್ಲಿ ಮೊದಲ ಸಲ ಅವಳನ್ನು ಯಾರೋ ಸಾಕ್ಷಿ ಕೇಳುತ್ತಿದ್ದರು. "ನೋಡೀನಿ. ತುಂಬಿದ ಬ್ಯಾಗ್. ತುಂಬಿದ್ದು ನಾನ. ನಮ್ಮ ಹಿತ್ತಲದ ಬದನಿಕಾಯಿ ಭಾಳ ಆಗ್ಯಾವಂತ ಎರಡು ಕಿಲೊ ಹಾಕಿಕೊಟ್ಟೆ."

"ಅದರ ಕೆಳಗ ಲ್ಯಾಪ್‌ಟಾಪ್ ಇತ್ತಲ್ಲೊ?"

"ಕೆಳಗ ಯಾಕ ನೋಡ್ಲಿ? ನನಗ ಕಂಡದ್ದು ಬದನಿಕಾಯಿ. ಕಾಣದ್ದು ಹೆಂಗ ಹೇಳ್ಲಿ? ಹಾಂ, ಕೇಳಿದ್ದು ಹೇಳ್ತೀನಿ. ಮುಂಜಾನಿ ಬಾಯಾರು ಗುರೂಜಿಗೆ ಅಂದ್ರು, ಸಾಹೇಬ್ರು ನಂದು ನೋಡಿದ ಮ್ಯಾಲ ಗ್ವಾಡಿ ಮ್ಯಾಲಿಂದ ಕೊಡ್ತೀನಿ, ತೋರಿಸಿ ವಾಪಸ್ ಕೊಡ್ರಿ, ಯಾರಿಗೆ ತಿಳೀತದ ಅಂತ. ದೇವ್ರಾಣಿ, ನನ್ನ ಕಿವಿಲೆ ಕೇಳೀನಿ. ಸುಳ್ಳ ಹೇಳಿ ನನಗೇನು ಸಿಗೂದದ?"

"ನಾ ಬ್ಯಾಡ ಅಂದೆ! ನಾ ಬ್ಯಾಡ ಅಂದಿದ್ದು ಕೇಳಲಿಲ್ಲೇನು?"

"ಆಗ ಅನ್ನ ಉಕ್ಕಿತ್ತಲ್ರಿ," ಎಂದಳು ಇಂದ್ರಾಬಾಯಿ ತಣ್ಣಗೆ.

ಸಾಹೇಬರು ಲ್ಯಾಪ್‌ಟಾಪು ಮುಚ್ಚಿ, ತಮಗೆ ಹೊದಿಸಿದ್ದ ಶಾಲಿನಲ್ಲೇ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದೇ ಈಶ್ವರನಿಗೆ ಹೆಚ್ಚು ನಾಟಿತು.

"ಹತ್ತು ಇಲ್ಲೇ ಕೊಡಬೇಕು ಅಂತ ಬಂದಿದ್ದೆ ಗುರೂಜಿ. ನಮ್ಮವ್ವನ ಭಾಷಾ ಇದು. ಇನ್ನ ಯಾ ಸಾಲಿಗೂ ಇಲ್ಲ. ಇದು ಎರಡೂ ಸಾಲಿ ನಡುವ ಓಡ್ಯಾಡೂದು ಬ್ಯಾಡ, ನನ್ನ ಹತ್ರ ಇರ್ಲಿ. ನಿಮ್ಮ ಸಾಲಿ ಲ್ಯಾಪ್‌ಟಾಪ್ ಯಾರಿಗೆ ಮಾರೀರೊ, ಎಲ್ಲಿ ಇಟ್ಟೀರೊ, ಎಂಟು ದಿನದಾಗ ಹುಡುಕಿ ತಂದು ತೋರಸ್ರಿ. ಇಲ್ಲಾಂದ್ರ ನಾ ಮ್ಯಾಲ ಬರೀಬೇಕಾಗ್ತದ."

ಹೀಗೆ ಹೇಳಿ, ಈಶ್ವರ ಹುಡುಕಿ ತರಬೇಕಾದ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡೇ ಅವರು ಕಾರು ಹತ್ತಿದರು. ಮಿರಜಿನಲ್ಲಿ ಅವರಿಗೆ ರೈಲಿತ್ತು.

ಧೂಳು ಅಡಗುವ ಮೊದಲೇ ಸೋಮನಿಂಗಪ್ಪ ಹಳದಿ ಗಾಡಿಯವನ ನಂಬರು ಯಾರ ಹತ್ತಿರವಿದೆಯೆಂದು ಫೋನಿನಲ್ಲಿ ವಿಚಾರಿಸತೊಡಗಿದ್ದ. ಈಶ್ವರ ಕೊನೆಯ ಆಸೆಯಿಂದ ತಾನಾಜಿಗೆ ಫೋನು ಮಾಡಿದ. "ನಂಬರೇನ್ರಿ?" ಎಂದ ತಾನಾಜಿ. "ಹಳೇ ನಂಬರ್ ಬರದ ಕೊಡ್ತಿದ್ದೆ, ಎರಡು ಮಿನಿಟಿನ ಕೆಲಸ. ಮೊದಲ ಹೇಳಬೇಕಿಲ್ಲೇನು? ಈಗ ಲ್ಯಾಪ್‌ಟಾಪ್ ತಗೊಂಡು ಬರ್ರಿ."

ಐದಕ್ಕೆ ಪ್ರಣಾಲಿಯ ಫೋನು ಬಂತು. ಎಲ್ಲ ಕೇಳಿ ಮಮ್ಮಲ ಮರುಗಿದರು. ನಾಳೆ ತಮ್ಮ ಲ್ಯಾಪ್‌ಟಾಪಿನ ಫೋಟೊ ತೆಗೆದು ಸಾಹೇಬರಿಗೆ ಕಳಿಸುತ್ತೇನೆಂದರು. ಈಶ್ವರ ಬೇಡವೆಂದ. ಅದರೊಳಗೂ ಅದೇ ನಂಬರು. ಆಗ ಎರಡೂ ಮರಾಠಿ ಸಾಲೆಯವಾಗುತ್ತವೆ, ಕನ್ನಡ ಸಾಲೆಯದು ಆಗಲೂ ಕಳೆದೇ ಇರುತ್ತದೆ.

ಇಂಥ ಸಾಯಂಕಾಲ ಪೇಂಟರ್ ನಾಗನಾಥ ಸೈಕಲ್ಲಿಗೆ ಬಣ್ಣದ ಡಬ್ಬಿ ತೂಗಿಸಿಕೊಂಡು ಸಾಲೆಯ ಅಂಗಳಕ್ಕೆ ಬಂದ. ಬೆಳಿಗ್ಗೆ ಅಣ್ಣಾರಾಯರು ಯಾವುದಕ್ಕೂ ಇರಲೆಂದು ಹೇಳಿ ಕಳಿಸಿದ್ದರು. ಅವನಿಗೆ ಈಗ ಪುರಸೊತ್ತಾಗಿತ್ತು. ಕಟ್ಟೆಯ ಮೇಲೆ ಅಣ್ಣಾರಾಯರೂ ಈಶ್ವರನೂ ಕುಳಿತಿದ್ದರು. ನಾಗನಾಥ ಕುಂಚವನ್ನು ನೀರಿನ ಹಂಡೆಯ ಅಂಚಿಗೆ ತಟ್ಟಿ ಸ್ವಚ್ಛ ಮಾಡಿದ.

"ತಡಾ ಆತ್ರಿ ಸರ್, ಸಿಟ್ಟಾಗಬ್ಯಾಡ್ರಿ. ಚಂದ್ರಾಬಾಯಿ ಸ್ಮರಣಾರ್ಥ ಅಂತ ಬರೀಬೇಕಲ್ರೀ? ಎಲ್ಲಿ ಅದ ಲ್ಯಾಪ್‌ಟಾಪ್?"

ಅಣ್ಣಾರಾಯರು ಈಶ್ವರನ ಕಡೆ ನೋಡಿದರು.

"ಎಂಟು ದಿನ ಬಿಟ್ಟು ಬಾರಪ್ಪ," ಎಂದ ಈಶ್ವರ, ಹರಿದ ಪ್ಯಾಂಟಿನ ಮೇಲೆ ಕೈಯಿಟ್ಟುಕೊಂಡು. "ಹುಡಕಾಕತ್ತೀವಿ."